ಬಾವಿಯ ರಾಟೆ, ಬಿದಿರ ಗಳ, ಸೈಕಲ್ ಟ್ಯೂಬು

ನಮ್ಮ ಹೊಲದ ಬಾವಿ ಬತ್ತಿ ಹದಿನೆಂಟು ವರ್ಷ ಆಯಿತು. ಕಬ್ಬಿಣದ ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದೆ. ಗುಜರಿಯವನು ಎರಡು ಸಲ ಕೇಳಿದ, ಕೊಡಲಿಲ್ಲ. ಈಗ ಆ ರಾಟೆ ಪಾಂಡವಪುರದ ಕಡೆ ನನ್ನ ತಂಗಿಯ ಮನೆಯ ಪಡಸಾಲೆ ತೊಲೆಗೆ ನೇತುಬಿದ್ದಿದೆ. ನೀರು ಸೇದುವುದಕ್ಕಲ್ಲ, ಹಿಡಿದುಕೊಂಡ ಭುಜವನ್ನು ಎತ್ತುವುದಕ್ಕೆ.

ನಾನು ನಾಗಮಂಗಲ ತಾಲ್ಲೂಕಿನ ಖುಷ್ಕಿ ರೈತ. ನಾಲ್ಕೂವರೆ ಎಕರೆ. ರಾಗಿ, ಹುರುಳಿ, ಸಾಲಿನಲ್ಲಿ ಅವರೆ, ಬದುವಿನಲ್ಲಿ ಒಂದಿಷ್ಟು ತೆಂಗು. ಓದಿದ್ದು ಏಳನೇ ಕ್ಲಾಸು. ವೈದ್ಯ ವಿಷಯ ಬರೆಯಲು ಇವನ್ಯಾರು ಎಂದು ಕೇಳಬಹುದು. ನಾನು ವೈದ್ಯ ಬರೆಯುತ್ತಿಲ್ಲ, ಮರಗೆಲಸ ಬರೆಯುತ್ತಿದ್ದೇನೆ. ಮೂರು ವರ್ಷದಿಂದ ನಮ್ಮ ನಂಟರ ನಾಲ್ಕು ಮನೆಗಳಲ್ಲಿ, ನಾಲ್ಕು ತಾಲ್ಲೂಕಿನಲ್ಲಿ, ಫಿಸಿಯೋಥೆರಪಿ ಮಾಡಿಸಿಕೊಳ್ಳುವವರಿಗೆ ಬೇಕಾದ ಸಾಮಾನು ಮಾಡಿಕೊಟ್ಟಿದ್ದೇನೆ. ನಮ್ಮ ಕಡೆ ಅದಕ್ಕೆ ‘ಪಿಜಿಯೋ’ ಅಂತಾರೆ. ಯಾವ ಸಾಮಾನು ಕೆಲಸಕ್ಕೆ ಬಂತು, ಯಾವುದನ್ನು ಮುಟ್ಟಬಾರದು ಎಂದು ಹೇಳುವುದಷ್ಟೇ ನನ್ನ ಉದ್ದೇಶ.

ಹಸು ಮಾರುವ ಮಾತು

ಮೊದಲು ಬಿದ್ದದ್ದು ನಮ್ಮ ಅಣ್ಣ. ರಾಗಿ ಕುಯ್ಲಿನ ಕಾಲ. ಬೆಳಿಗ್ಗೆ ಎದ್ದವನು ಬಾಯಿ ಸೊಟ್ಟ ಮಾಡಿಕೊಂಡು ತೊದಲಿದ, ಎಡಗೈ ಎತ್ತಲಾಗಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಮುಖ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ ಒಂದು ನಿಮಿಷ ಕಾಯಬೇಡಿ. ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಿದ್ದರೆ ಆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ತಲೆಯ ಸ್ಕ್ಯಾನ್ ಆದ ಮೇಲೆ ಕೊಡಬೇಕು. ಪಾರಿವಾಳ ಕೊಯ್ದು ರಕ್ತ ಹಚ್ಚಿಸಿ ಎಂದು ಹೇಳುವವರು ನಮ್ಮ ಊರಲ್ಲೂ ಇದ್ದರು. ಅವರು ಪಾರಿವಾಳ ಹುಡುಕಿ ತರುವಷ್ಟರಲ್ಲಿ ಅಂಬುಲೆನ್ಸು ಹೋಗಿತ್ತು.

ಜೀವ ಉಳಿಯಿತು. ಹನ್ನೆರಡನೇ ದಿನ ಮನೆಗೆ ಕಳಿಸಿದರು. ಎಡಗಾಲು ಎಳೆಯುತ್ತಿತ್ತು, ಎಡಗೈ ಚೀಲದ ಹಾಗೆ ಜೋತುಬಿದ್ದಿತ್ತು. ಕಳಿಸುವಾಗ ಕೈಗೆ ಒಂದು ಹಾಳೆ ಕೊಟ್ಟರು, ಹನ್ನೊಂದು ಚಿತ್ರ, ಪಕ್ಕದಲ್ಲಿ ಇಂಗ್ಲಿಷು. ಅತ್ತಿಗೆ ಅದನ್ನು ದೇವರ ಗೂಡಿನಲ್ಲಿಟ್ಟಳು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹೆಚ್ಚುಕಮ್ಮಿ ಎಲ್ಲ ಕಡೆ ಇದೇ ಹಾಳೆ.

ಆಮೇಲೆ ಶುರುವಾಯಿತು ಲೆಕ್ಕ. ವಾರಕ್ಕೆ ಮೂರು ದಿನ ಪೇಟೆಗೆ ವ್ಯಾಯಾಮಕ್ಕೆ ಕರಕೊಂಡು ಬನ್ನಿ ಅಂದರು. ಬಸ್ಸಿನಲ್ಲಿ ಕೂರಿಸಲು ಆಗದು. ಆಟೋ ಹೋಗಿ ಬರಲು 700 ರೂಪಾಯಿ, ವ್ಯಾಯಾಮಕ್ಕೆ 300, ಊಟ ಕಾಫಿ 100. ಒಂದು ಸಲಕ್ಕೆ 1,100. ತಿಂಗಳಿಗೆ ಹನ್ನೆರಡು ಸಲ ಅಂದರೆ 13,200. ಜೊತೆಗೆ ಹೋದವರ ಕೂಲಿ ಬೇರೆ. ಕರೆಯುವ ಹಸು ಮಾರುವ ಮಾತು ಮೂರನೇ ವಾರಕ್ಕೇ ಬಂತು. ಹಸು ಮಾರಿದರೆ ಡೇರಿ ದುಡ್ಡು ನಿಲ್ಲುತ್ತದೆ, ಡೇರಿ ದುಡ್ಡು ನಿಂತರೆ ಮಾತ್ರೆ ನಿಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಮೂಲೆಯ ಚಾಪೆ ಸೇರಿರುವುದು ರೋಗದಿಂದಲ್ಲ, ಈ ಆಟೋ ಬಾಡಿಗೆಯಿಂದ.

ವ್ಯಾಯಾಮ ಮಾಡಿಸುವ ಮೇಡಂ ಒಳ್ಳೆಯ ಹೆಣ್ಣುಮಗಳು. ಹಸುವಿನ ವಿಷಯ ಕೇಳಿ ಹೇಳಿದರು: “ಯಜಮಾನ್ರೇ, ವಾರಕ್ಕೆ ಮೂರು ಗಂಟೆ ಇವ್ರು ನನ್ನ ಕೈಲಿರ್ತಾರೆ. ಮಿಕ್ಕಿದ ನೂರ ಅರವತ್ತೈದು ಗಂಟೆ ನಿಮ್ಮ ಕೈಲಿರ್ತಾರೆ. ಹದಿನೈದು ದಿನಕ್ಕೊಂದು ಸಲ ಬನ್ನಿ. ನಾನು ಹೇಳ್ಕೊಟ್ಟಿದ್ದನ್ನ ದಿನಕ್ಕೆ ನಾಲ್ಕು ಸಲ ಮನೇಲಿ ಮಾಡ್ಸಿ. ಮೊದಲ ಮೂರರಿಂದ ಆರು ತಿಂಗಳು ಬಹಳ ಮುಖ್ಯ, ಹೆಚ್ಚು ಸುಧಾರಣೆ ಆಗೋದು ಆಗಲೇ. ಬಿಟ್ಟುಬಿಟ್ರೆ ಕೀಲು ಗಟ್ಟಿಯಾಗ್ತವೆ.” ಆ ಹನ್ನೊಂದು ಚಿತ್ರಕ್ಕೂ ಕನ್ನಡದಲ್ಲಿ ಅರ್ಥ ಬರೆಸಿಕೊಂಡು ಬಂದೆ. ಬೇರೆ ಯಾರೂ ಬಾಯಿಬಿಟ್ಟು ಕೇಳಲು ಹಿಂದೆಗೆಯಬೇಡಿ. ಫೋನಿನಲ್ಲಿ ವಿಡಿಯೋ ತೆಗೆದುಕೊಳ್ಳುತ್ತೇನೆ ಎಂದರೂ ಬಹಳ ಜನ ಒಪ್ಪುತ್ತಾರೆ.

ನಡೆಯಲು ಎರಡು ಗಳ

ಪೇಟೆಯ ಕೋಣೆಯಲ್ಲಿ ಹೊಳೆಯುವ ಉಕ್ಕಿನ ಎರಡು ಕಂಬಿ ಇದ್ದವು. ರೋಗಿ ನಡುವೆ ನಿಂತು ಎರಡೂ ಕಡೆ ಹಿಡಿದು ನಡೆಯುವುದು. ನನಗೆ ಅದು ಎತ್ತನ್ನು ಲಾಳ ಕಟ್ಟಲು ನಿಲ್ಲಿಸುವ ಕಟ್ಟಿನ ಹಾಗೆ ಕಂಡಿತು. ಬದುವಿನಲ್ಲಿ ಬಿದಿರು ಇತ್ತು. ಬಲಿತ ಎರಡು ಗಳ ಕಡಿದೆ, ಹನ್ನೆರಡು ಅಡಿ ಉದ್ದ. ಆರು ನೀಲಗಿರಿ ಗೂಟ, ಒಂದೊಂದು ಕಡೆಗೆ ಮೂರು, ನೆಲದೊಳಗೆ ಎರಡು ಅಡಿ. ಗೆದ್ದಲು ಹಿಡಿಯದಂತೆ ಬುಡಕ್ಕೆ ಹಳೆ ಇಂಜಿನ್ ಆಯಿಲ್ ಬಳಿದೆ. ಎರಡು ಗಳದ ನಡುವೆ ಎರಡು ಅಡಿ. ಸೊಂಟದ ಎರಡೂ ಕಡೆ ಒಂದೊಂದು ಅಂಗೈ ಅಗಲ ಉಳಿದರೆ ಸರಿ. ಹೆಚ್ಚು ಅಗಲ ಬಿಟ್ಟರೆ ಮನುಷ್ಯ ಒಂದು ಕಡೆ ವಾಲುತ್ತಾನೆ.

ಎತ್ತರದ ಅಳತೆ ಗಜಕಡ್ಡಿಯಿಂದ ಅಲ್ಲ, ಅವರವರ ಮೈಯಿಂದ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಗಳ ಬರಬೇಕು. ನಮ್ಮಣ್ಣನಿಗೆ 33 ಇಂಚು. ನಿಲ್ಲಲಾಗದವರಿದ್ದರೆ ಮಲಗಿಸಿ, ಹಿಮ್ಮಡಿಯಿಂದ ಮಣಿಕಟ್ಟಿಗೆ ಅಳೆಯಿರಿ. ಬಿದಿರಿನ ಗಿಣ್ಣುಗಳನ್ನು ಕೀಸುಳಿಯಲ್ಲಿ ಚೆನ್ನಾಗಿ ಕೀಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಜೋಮು ಹಿಡಿದ ಕೈಗೆ ಸಿಬಿರು ಚುಚ್ಚಿದರೆ ರೋಗಿಗೆ ಗೊತ್ತಾಗುವುದಿಲ್ಲ, ಕೀವು ಆದ ಮೇಲೆ ನಮಗೆ ಗೊತ್ತಾಗುತ್ತದೆ. ಆದ್ದರಿಂದ ಈ ಕೀಸುವ ಕೆಲಸದಲ್ಲಿ ಸೋಮಾರಿತನ ಬೇಡ. ಒಟ್ಟು ಖರ್ಚು ಮೊಳೆ, ತಂತಿ ಸೇರಿ 180 ರೂಪಾಯಿ.

ಜಾಗ ಹೊಂಗೆ ಮರದ ನೆರಳು. ನೆಲ ಮಟ್ಟ ಮಾಡಿ ಗಟ್ಟಿಸಿದೆ. ಸಗಣಿ ಸಾರಿಸಿದ ದಿನ ಒಣಗುವವರೆಗೆ ನಡೆಸಬಾರದು, ಜಾರುತ್ತದೆ. ಒಂದು ತುದಿಗೆ ಕುರ್ಚಿ, ಇನ್ನೊಂದು ತುದಿಗೆ ಹಳೆ ಬೀರುವಿನ ಕನ್ನಡಿ ಕಟ್ಟಿದೆ. ತಾನು ವಾಲುತ್ತಿದ್ದೇನೆ ಎಂಬುದು ಲಕ್ವ ಹೊಡೆದವರಿಗೆ ಒಳಗಿನಿಂದ ತಿಳಿಯದು, ಕಣ್ಣಿಗೆ ಕಂಡರೆ ನೆಟ್ಟಗಾಗುತ್ತಾರೆ. ಹಿಡಿದುಕೊಳ್ಳುವವರು ಸೋತ ಕಡೆಗೆ ನಿಲ್ಲಬೇಕು. ಸೋತ ಕೈಯನ್ನು ಹಿಡಿಯಬಾರದು. ಸೊಂಟಕ್ಕೆ ಟವೆಲ್ಲನ್ನು ಮಡಿಸಿ ಬಿಗಿಯಾಗಿ ಕಟ್ಟಿ, ಹಿಂದಿನಿಂದ ಅದನ್ನು ಹಿಡಿಯಬೇಕು. ಬಿದ್ದರೆ ಟವೆಲ್ಲು ತಡೆಯುತ್ತದೆ, ಕೈ ಹಿಡಿದು ಎಳೆದರೆ ಭುಜ ಕಳಚುತ್ತದೆ.

ಮೊದಲ ದಿನ ಎರಡು ಹೆಜ್ಜೆ. ಒಂದು ತಿಂಗಳಿಗೆ ಆ ತುದಿಯಿಂದ ಈ ತುದಿಗೆ ಆರು ಸಲ. ಸಂಜೆ ಹೊತ್ತು ಊರಿನ ಹುಡುಗರು ಅದರ ಮೇಲೆ ಜೋತಾಡುತ್ತಿದ್ದರು. ಗದರಿದರೂ ಕೇಳಲಿಲ್ಲ. ಆಮೇಲೆ ಅಣ್ಣನೇ “ಆಡ್ಲಿ ಬುಡ್ಲಾ, ಗಳ ಗಟ್ಟಿ ಅದೋ ಇಲ್ವೋ ಗೊತ್ತಾಯ್ತದೆ” ಅಂದ.

ರಾಟೆ ಯಾರಿಗೆ ಆಗದು

ಅಟ್ಟದ ರಾಟೆ ನೆನಪಾದದ್ದು ಆಗಲೇ. ಪೇಟೆಯ ಕೋಣೆಯಲ್ಲಿ ಗೋಡೆಗೆ ಒಂದು ರಾಟೆ ಇತ್ತು, ಹಗ್ಗದ ಎರಡು ತುದಿಗೆ ಹಿಡಿ. ಒಂದು ಕೈ ಎಳೆದರೆ ಇನ್ನೊಂದು ಕೈ ಮೇಲೇಳುತ್ತದೆ. ಅಣ್ಣನಿಗೆ ಒಂದು ಕಟ್ಟಬಹುದೇ ಎಂದು ಮೇಡಂ ಹತ್ತಿರ ಕೇಳಿದೆ. ಅವರು ಖಡಾಖಂಡಿತ ಬೇಡ ಎಂದರು. ಕಾರಣವನ್ನೂ ಬಿಡಿಸಿ ಹೇಳಿದರು, ಅದು ಎಲ್ಲರಿಗೂ ಗೊತ್ತಿರಬೇಕಾದ್ದು.

ಭುಜದ ಕೀಲು ಎಂದರೆ ಆಳವಿಲ್ಲದ ತಟ್ಟೆಯಲ್ಲಿ ಇಟ್ಟ ಚೆಂಡು. ಅದನ್ನು ಅಲ್ಲಿ ಹಿಡಿದಿಡುವುದು ಸುತ್ತಲಿನ ಮಾಂಸಖಂಡ. ಲಕ್ವ ಹೊಡೆದಾಗ ಆ ಖಂಡ ಸಡಿಲ, ಕೈಯ ಭಾರಕ್ಕೇ ಚೆಂಡು ಕೆಳಗೆ ಜಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಹಗ್ಗ ಹಾಕಿ ಎತ್ತಿದರೆ ಹಿಂದಿನ ಹೆಗಲ ಮೂಳೆ ಜೊತೆಗೆ ತಿರುಗುವುದಿಲ್ಲ, ನಡುವೆ ಸಿಕ್ಕಿದ ನರ, ಮಾಂಸ ಜಜ್ಜಿಹೋಗುತ್ತದೆ. ಗಾಡಿಯ ಕಡಾಣಿ ಸಡಿಲವಾಗಿದ್ದಾಗ ಚಕ್ರವನ್ನು ಜಗ್ಗಿದ ಹಾಗೆ. ಆಮೇಲೆ ಬರುವ ಭುಜದ ನೋವು ಲಕ್ವಕ್ಕಿಂತ ಹೆಚ್ಚು ಕಾಡುತ್ತದಂತೆ. ಲಕ್ವದ ಭುಜಕ್ಕೆ ತಲೆ ಮೇಲಿನ ರಾಟೆ ಕಟ್ಟಬೇಡಿ. ಕೂತಾಗ ಆ ಕೈಯನ್ನು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲಿಡಿ. ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎತ್ತಬೇಡಿ.

ಅಣ್ಣನ ಕೈಗೆ ಅವರು ಹೇಳಿದ್ದು ಮೇಜಿನ ಮೇಲೆ ಬಟ್ಟೆ ಇಟ್ಟು ಉಜ್ಜುವುದು. ಒಳ್ಳೆ ಕೈ ಮೇಲಿಟ್ಟು ಸೋತ ಕೈಯನ್ನು ಮುಂದಕ್ಕೆ, ಪಕ್ಕಕ್ಕೆ ಜಾರಿಸುವುದು. ಹಾಗೇ ಬೆರಳು. ಚೆಂಡು ಹಿಸುಕಿ ಎಂದು ಊರಲ್ಲೆಲ್ಲ ಹೇಳುತ್ತಾರೆ. ಆದರೆ ಲಕ್ವದ ಕೈ ತಾನೇ ಮುಷ್ಟಿ ಬಿಗಿಯುತ್ತಾ ಹೋಗುತ್ತದೆ, ಅದಕ್ಕೆ ಬೇಕಾದದ್ದು ಬಿಚ್ಚುವ ಅಭ್ಯಾಸ. ಅತ್ತಿಗೆ ಒಂದು ಉಪಾಯ ಕಂಡಳು. ರಾಗಿ ರೊಟ್ಟಿಯ ಹಿಟ್ಟನ್ನು ಬಾಳೆ ಎಲೆ ಮೇಲಿಟ್ಟು ಅಣ್ಣನ ಮುಂದೆ ತಂದಳು. ಬೆರಳು ಬಿಡಿಸಿ ಅಂಗೈ ಒತ್ತಿ ತಟ್ಟುವುದು. ದಿನಕ್ಕೆ ಎರಡು ರೊಟ್ಟಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಆದರೂ ತಿಂದೆವು. ಗಂಡಸು ರೊಟ್ಟಿ ತಟ್ಟುತ್ತಾನೆ ಎಂದು ನೋಡಲು ಬಂದವರೂ ಉಂಟು. ಮಾಗಿಯಲ್ಲಿ ಅವರೆಕಾಯಿ ಸುಲಿಯುವುದು, ಹಿತಕುವುದು ಇನ್ನೂ ಒಳ್ಳೆಯ ಅಭ್ಯಾಸ ಎಂದು ಮೇಡಮ್ಮೇ ಮೆಚ್ಚಿದರು. ಒಂದೊಂದು ಕಾಳಿಗೂ ಹೆಬ್ಬೆರಳು ತೋರುಬೆರಳು ಕೂಡಬೇಕಲ್ಲ.

ಇಷ್ಟರಲ್ಲಿ ರಾಟೆಗೆ ಬೇರೆ ಕೆಲಸ ಸಿಕ್ಕಿತು. ತಂಗಿಗೆ ಸಕ್ಕರೆ ಕಾಯಿಲೆ. ಬಲಭುಜ ಹಿಡಿದುಕೊಂಡು ಜಡೆ ಹಾಕಲು, ರವಿಕೆಯ ಗುಂಡಿಗೆ ಕೈ ಹಾಯಿಸಲು ಆಗುತ್ತಿರಲಿಲ್ಲ. ಸಕ್ಕರೆ ಇರುವವರಿಗೆ ಈ ಭುಜದ ಬಿಗಿತ ಹೆಚ್ಚು. ಸುಮ್ಮನೆ ಬಿಟ್ಟರೆ ಒಂದರಿಂದ ಮೂರು ವರ್ಷ ಎಳೆಯುತ್ತದೆ. ಇಲ್ಲಿ ಮಾಂಸಖಂಡ ಸಡಿಲವಲ್ಲ, ಕೀಲಿನ ಚೀಲವೇ ಕುಗ್ಗಿ ಬಿಗಿದಿರುತ್ತದೆ. ಇಂಥವರಿಗೆ ರಾಟೆ ಆಗುತ್ತದೆ. ನೋವು ಜೋರಾಗಿರುವ ಮೊದಲ ಹಂತ ಕಳೆದ ಮೇಲೆ ಎಂದು ಅವಳ ಡಾಕ್ಟರು ಹೇಳಿದ್ದರು.

ರಾಟೆಗೆ ಗ್ರೀಸ್ ತುಂಬಿ ತೊಲೆಗೆ ಕೊಕ್ಕೆ ಹೊಡೆದು ಕಟ್ಟಿದೆ. ಹಗ್ಗ ಹತ್ತಿಯದು, ನೈಲಾನು ಅಂಗೈ ಕೊಯ್ಯುತ್ತದೆ. ಹಿಡಿಗೆ ಮುರಿದ ಗುದ್ದಲಿ ಕಾವಿನ ನಾಲ್ಕು ನಾಲ್ಕು ಇಂಚಿನ ತುಂಡು. ಕುರ್ಚಿ ರಾಟೆಯ ನೇರ ಕೆಳಗೆ. ಒಳ್ಳೆ ಕೈ ಮೆಲ್ಲಗೆ ಎಳೆಯಬೇಕು, ಬಿಗಿತ ಗೊತ್ತಾಗುವವರೆಗೆ, ಅಳು ಬರುವವರೆಗೆ ಅಲ್ಲ. ಒಂದು ಹೊತ್ತಿಗೆ ಹದಿನೈದು ಸಲ. ಅದಕ್ಕೆ ಮೊದಲು ಬಗ್ಗಿ ನಿಂತು, ಎಡಗೈ ಮೇಜಿಗೆ ಊರಿ, ಬಲಗೈಯಲ್ಲಿ ಅರ್ಧ ಚೊಂಬು ನೀರು ಜೋತುಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗುವುದು. ಚೊಂಬಿನ ಭಾರ ಕೀಲನ್ನು ಸ್ವಲ್ಪ ಬಿಡಿಸುತ್ತದೆ.

ಇದರ ಜೊತೆ ಗೋಡೆ ಏಣಿ. ಬೆರಳಿನಿಂದ ಗೋಡೆ ಹತ್ತುವುದು, ಎಲ್ಲಿಗೆ ಮುಟ್ಟಿತೋ ಅಲ್ಲಿ ಇದ್ದಿಲಿನಿಂದ ಗೆರೆ. ಸುಣ್ಣ ಬಳಿದ ಗೋಡೆ ಹಾಳಾಯಿತು ಎಂದು ಭಾವ ಗೊಣಗಿದರು. ನಾಲ್ಕು ತಿಂಗಳಲ್ಲಿ ಗೆರೆ ಹದಿನಾಲ್ಕು ಇಂಚು ಮೇಲೆ ಹೋಯಿತು. ಮಳೆ ಮಾಪಕ ನೋಡುವ ಹಾಗೆ ಅವಳು ದಿನಾ ಅದನ್ನೇ ನೋಡುತ್ತಿದ್ದಳು.

ಶಾಖದ ಬಗ್ಗೆ ಒಂದು ಮಾತು. ಉಪ್ಪು ಅಥವಾ ರಾಗಿಯನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದು ನಮ್ಮ ಹಳೆ ಪದ್ಧತಿ, ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆಯವರಿಗೆ, ಲಕ್ವದವರಿಗೆ ಚರ್ಮ ಸುಟ್ಟರೂ ತಿಳಿಯದು. ಗಂಟನ್ನು ಶಾಖ ಕೊಡುವವರು ಮೊದಲು ತಮ್ಮ ಕೆನ್ನೆಗೆ ಇಟ್ಟು ನೋಡಬೇಕು. ಮಲಗಿದಲ್ಲೇ ಇರುವವರ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಾಕಿ ತಿಕ್ಕಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಿತ್ತು ಎದೆಗೆ ಹೋಗುತ್ತದೆ. ಅಂಥವರನ್ನು ಆಸ್ಪತ್ರೆಗೆ ಒಯ್ಯಬೇಕು.

ಕೆ.ಆರ್. ಪೇಟೆಯ ಹೈದ

ನನ್ನ ಹೆಂಡತಿಯ ಅಣ್ಣನ ಮಗ, ಕೆ.ಆರ್. ಪೇಟೆ ಕಡೆಯವನು, ತೆಂಗಿನ ಮರದಿಂದ ಬಿದ್ದ. ವಯಸ್ಸು ಇಪ್ಪತ್ತಾರು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಅರಿವಿಲ್ಲ. ಕಾಲು ಮತ್ತೆ ಬರುವ ಭರವಸೆ ಇಲ್ಲವೆಂದು ಮೈಸೂರಿನಲ್ಲಿ ಹೇಳಿ ಕಳಿಸಿದರು. (ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ಅಪಘಾತ ವಿಮೆ ಇದೆ. ಹತ್ತುವ ಪ್ರತಿಯೊಬ್ಬ ಮಾಡಿಸಿಕೊಳ್ಳಬೇಕು. ಇವನು ಮಾಡಿಸಿರಲಿಲ್ಲ.)

ಇಂಥವರನ್ನು ಕೊಲ್ಲುವುದು ಬೆನ್ನಲ್ಲ, ಮಲಗಿದ ಹುಣ್ಣು. ಅರಿವಿಲ್ಲದ ಕಡೆ ಮೈಭಾರ ಬಿದ್ದು ರಕ್ತ ಓಡದೆ ಚರ್ಮ ಕೊಳೆಯುತ್ತದೆ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅವರ ಮನೆಯಲ್ಲಿ ಗಡಿಯಾರ ನೋಡಿ ಮಾಡುವವರಿಲ್ಲ, ಎಲ್ಲರೂ ಹೊಲಕ್ಕೆ ಹೋಗುವವರು. ಹಾಗಾಗಿ ಅವನು ತಾನೇ ಹೊರಳುವಂತೆ, ತಾನೇ ಏಳುವಂತೆ ಮಾಡುವುದೇ ನನ್ನ ಕೆಲಸ ಆಯಿತು.

ಹಗ್ಗದ ಮಂಚ ತೆಗೆಸಿದೆ, ಅದು ನಡುವೆ ಜಗ್ಗುತ್ತದೆ. ಹಲಗೆ ಮಂಚ, ಮೇಲೆ ಗಟ್ಟಿ ಹತ್ತಿ ಹಾಸಿಗೆ. ಕಾಲ ಕಡೆಯ ಪಟ್ಟಿಗೆ ದಪ್ಪ ಹಗ್ಗ ಕಟ್ಟಿ, ಒಂದೊಂದು ಗೇಣಿಗೆ ಒಂದು ಗಂಟು. ಗಂಟು ಗಂಟು ಹಿಡಿದು ಎಳೆದುಕೊಂಡು ಎದ್ದು ಕೂರುತ್ತಾನೆ. ಮಗ್ಗುಲಿಗೆ ತಿರುಗಲು ಪಕ್ಕದ ಪಟ್ಟಿಗೆ ಕಬ್ಬಿಣದ ಬಳೆ. ಕೂತ ಮೇಲೆ ಕೈ ಊರಿ ಪೃಷ್ಠ ಎತ್ತಲು ಎರಡು ಮರದ ದಿಮ್ಮಿ, ಐದು ಇಂಚು ಎತ್ತರ, ಮೇಲೆ ಹಿಡಿ. ನೋಡಲು ಹಳೆ ಕಾಲದ ಇಸ್ತ್ರಿ ಪೆಟ್ಟಿಗೆ ಇದ್ದಹಾಗೆ. ಕಾಲು ಗಂಟೆಗೊಮ್ಮೆ ಅದರ ಮೇಲೆ ಕೈ ಊರಿ ಮೈ ಎತ್ತಬೇಕು, ಸ್ವಲ್ಪ ಹೊತ್ತು ಹಾಗೇ ಹಿಡಿಯಬೇಕು. ಮಂಚದಿಂದ ಗಾಲಿಕುರ್ಚಿಗೆ ಜಾರಲು ಎರಡೂವರೆ ಅಡಿ ಹಲಗೆ, ಮರಳು ಕಾಗದದಲ್ಲಿ ಕನ್ನಡಿಯಂತೆ ಉಜ್ಜಿದ್ದು. ಮಂಚವನ್ನು ಕುರ್ಚಿಯ ಮಟ್ಟಕ್ಕೆ ತರಲು ಕಾಲಿನ ಕೆಳಗೆ ಗುಳಿ ತೋಡಿದ ಮರದ ಬಿಲ್ಲೆ ಇಟ್ಟೆ. ಬರೀ ಇಟ್ಟಿಗೆ ಇಟ್ಟರೆ ಜಾರುತ್ತದೆ. ಕೂರಲು ಟ್ರ್ಯಾಕ್ಟರ್ ಟ್ಯೂಬನ್ನು ಗಾಳಿ ತುಂಬಿ ಕೊಡುವ ಪದ್ಧತಿ ಇದೆ, ಅದು ಒಳ್ಳೆಯದಲ್ಲ. ಬಳೆಯ ಅಂಚು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಹೋಗದು. ದಪ್ಪ ಮೆತ್ತೆ ಮೇಲು. ಒಂದು ಕೈಗನ್ನಡಿ ಕೊಟ್ಟಿದ್ದೇವೆ, ದಿನಾ ಸಂಜೆ ಹಿಂದೆ ಹಿಡಿದು ಕೆಂಪಾಗಿದೆಯಾ ಎಂದು ತಾನೇ ನೋಡಿಕೊಳ್ಳುತ್ತಾನೆ.

ಈ ಹೈದ ಈಗ ಕೂತಲ್ಲೇ ಪಂಪಿನ ಸ್ಟಾರ್ಟರು, ಮೋಟಾರು ಬಿಚ್ಚಿ ರಿಪೇರಿ ಮಾಡುತ್ತಾನೆ. ಅವನ ತಾಯಿ ಮೊನ್ನೆ ಹೇಳಿದಳು, “ಇಷ್ಟು ದಿವ್ಸ ಇವ್ನ ಕಷ್ಟ ನೋಡ್ತಿದ್ದೆ ಕಣಣ್ಣ, ಈಗ ಇವ್ನು ನನ್ನೇ ಗದರ್ತಾನೆ.” ಅವಳಿಗೆ ಸಂತೋಷವೋ ದುಃಖವೋ ಹೇಳಲಾರೆ.

ಕೈಕೆಲಸದವರು ಇಂಥದ್ದಕ್ಕೆ ಕೈ ಹಾಕಿದ್ದು ಹೊಸದೇನಲ್ಲ. ಜೈಪುರದ ಕಾಲು ಎಂದು ಎಲ್ಲರೂ ಕೇಳಿದ್ದೀರಿ. 1968ರಲ್ಲಿ ಅದನ್ನು ರೂಪಿಸಿದವರಲ್ಲಿ ಡಾಕ್ಟರ್ ಪಿ.ಕೆ. ಸೇಥಿ ಒಬ್ಬರಾದರೆ, ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಇನ್ನೊಬ್ಬರು. ರಬ್ಬರಿನ ಪಾದ, ಬರಿಗಾಲಲ್ಲಿ ನಡೆಯುವ, ಚಕ್ಕಲಮಕ್ಕಲ ಕೂರುವ ನಮ್ಮ ಜನಕ್ಕೆ ತಕ್ಕಂತೆ. ಮೆಕ್ಸಿಕೋ ದೇಶದ ಅಹೋಯಾ ಎಂಬ ಹಳ್ಳಿಯಲ್ಲಿ 1981ರಲ್ಲಿ ಅಂಗವಿಕಲರೇ ಸೇರಿ ತಮ್ಮಂಥವರಿಗೆ ಊರುಗೋಲು, ಗಾಲಿಕುರ್ಚಿ ಮಾಡುವ ಕೆಲಸ ಶುರು ಮಾಡಿದರು. ಅವರ ಜೊತೆ ಇದ್ದ ಡೇವಿಡ್ ವರ್ನರ್ 1987ರಲ್ಲಿ ಹಳ್ಳಿಯ ಅಂಗವಿಕಲ ಮಕ್ಕಳ ಬಗ್ಗೆ ದಪ್ಪ ಪುಸ್ತಕ ಬರೆದರು. ಪುಟಪುಟಕ್ಕೂ ಚಿತ್ರ. ಓದು ಬಾರದವನೂ ನೋಡಿ ಮಾಡಬಹುದಾದ ಹಾಗೆ. ನಮ್ಮ ಬೆಂಗಳೂರಿನಲ್ಲೂ ಎನ್.ಎಸ್. ಹೇಮಾ ಎಂಬ ಹೆಣ್ಣುಮಗಳು, ತಾವೇ ಪೋಲಿಯೋ ಆದವರು, 1959ರಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಎ.ಪಿ.ಡಿ. ಎಂದರೆ ಅದೇ.

ಶ್ರೀರಂಗಪಟ್ಟಣದ ಅಜ್ಜಿ

ಶ್ರೀರಂಗಪಟ್ಟಣದ ಕಡೆ ಕಾಲುವೆ ನೀರಿನ ಊರಲ್ಲಿ ನನ್ನ ಮಗಳ ಅತ್ತೆ ಗದ್ದೆ ಬದುವಿನಲ್ಲಿ ಜಾರಿ ತೊಡೆ ಸಂದು ಮುರಿದುಕೊಂಡರು. ಆಪರೇಷನ್ ಆಯಿತು. ಇವರ ಕಥೆ ಚಿಕ್ಕದು, ಸಾಮಾನು ಮೂರೇ.

ಒಂದು, ಮರಳಿನ ಚೀಲ. ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಜರಡಿ ಹಿಡಿದ ಒಣ ಮರಳು ತುಂಬಿ, ಎರಡು ಸಲ ಹೊಲಿದದ್ದು. ಅಂಗಡಿ ತಕ್ಕಡಿಯಲ್ಲಿ ತೂಗಿಸಿ ಅರ್ಧ ಕಿಲೋ, ಒಂದು ಕಿಲೋ ಎಂದು ಬಣ್ಣದ ದಾರದಲ್ಲಿ ಗುರುತು. ಹರಡಿನ ಮೇಲೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ಮಂಡಿ ನೇರ ಮಾಡಿ ಐದು ಎಣಿಸಿ ಇಳಿಸುವುದು. ಮೊದಲ ವಾರಗಳಲ್ಲಿ ಭಾರ ಬೇಡ, ಬರೀ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು. ಚೀಲ ಯಾವಾಗ ಕಟ್ಟಬೇಕು ಎಂಬುದನ್ನು ಆಪರೇಷನ್ ಮಾಡಿದವರನ್ನು ಕೇಳಿಯೇ ಕಟ್ಟಬೇಕು, ಮೂಳೆ ಕೂಡಿದ್ದು ನಮಗೆ ಹೊರಗಿನಿಂದ ಕಾಣುವುದಿಲ್ಲ.

ಎರಡು, ಕಕ್ಕಸಿನ ಕುರ್ಚಿ. ಸಂದು ಮುರಿದವರು ಚಕ್ಕಲಮಕ್ಕಲ ಕೂರಬಾರದು. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಇಡುತ್ತಾರೆ. ನೆಂದ ನೆಲದಲ್ಲಿ ಅದರ ಕಾಲು ಅಗಲಿಸುತ್ತದೆ, ಮತ್ತೆ ಬೀಳುತ್ತಾರೆ. ನಾನು ಬೇವಿನ ಮರದಲ್ಲಿ ನಾಲ್ಕು ಕಾಲಿನ ಚೌಕಟ್ಟು ಮಾಡಿದೆ, 18 ಇಂಚು ಎತ್ತರ, ಎರಡು ಕಡೆ ಕೈ ಊರಲು ತೋಳು, ಕಾಲಿನ ಬುಡಕ್ಕೆ ಟಯರಿನ ತುಂಡು. ಅದನ್ನು ಕಕ್ಕಸಿನ ಗುಂಡಿಯ ಮೇಲೆ ಸರಿಸಿ ಇಡುವುದು, ಬೇರೆಯವರು ಹೋಗುವಾಗ ತೆಗೆಯುವುದು. ಗೋಡೆಗೆ ಜಿ.ಐ. ಪೈಪಿನ ಹಿಡಿ ಒಂದು. ಅಜ್ಜಿ ಆಸ್ಪತ್ರೆಯಿಂದ ಬಂದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು, ಸೊಸೆಯನ್ನು ಎಷ್ಟು ಸಲ ಕರೆಯಲಿ ಎಂದು. ಕುರ್ಚಿ ಬಂದ ದಿನದಿಂದ ಹೊಟ್ಟೆ ತುಂಬ ನೀರು ಕುಡಿದರು. ನಾನು ಮಾಡಿದ ಸಾಮಾನಿನಲ್ಲೆಲ್ಲ ಹೆಚ್ಚು ಉಪಯೋಗ ಇದೇ ಎಂದು ನನ್ನ ಲೆಕ್ಕ.

ಮೂರು, ಊರುಗೋಲು. ಉದ್ದ ಅದೇ ಮಣಿಕಟ್ಟಿನ ಗೆರೆಗೆ. ಕೋಲು ಹಿಡಿಯುವುದು ನೋವಿಲ್ಲದ ಕಡೆಯ ಕೈಯಲ್ಲಿ, ನೋವಿನ ಕಾಲಿನ ಜೊತೆಗೆ ಅದು ಮುಂದೆ ಹೋಗಬೇಕು. ಹತ್ತರಲ್ಲಿ ಎಂಟು ಜನ ನೋವಿನ ಕಡೆಯೇ ಹಿಡಿದಿರುವುದನ್ನು ಸಂತೆಯಲ್ಲಿ ನೋಡಿದ್ದೇನೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ತುದಿಗೆ ಹವಾಯಿ ಚಪ್ಪಲಿಯ ಎರಡು ಬಿಲ್ಲೆ ಕತ್ತರಿಸಿ ಅಂಟಿಸಿ, ಸುತ್ತ ಟ್ಯೂಬಿನ ಪಟ್ಟಿ ಬಿಗಿಯಿರಿ. ಸವೆದರೆ ಬದಲಾಯಿಸಿ, ಮಳೆಗಾಲದಲ್ಲಿ ತಿಂಗಳಿಗೊಂದು ಬೇಕು.

ಮನೆಯಲ್ಲಿ ಮಾಡಬಾರದ್ದು

ಕತ್ತಿಗೆ, ಸೊಂಟಕ್ಕೆ ಇಟ್ಟಿಗೆ ಕಟ್ಟಿ ಎಳೆಯುವುದು ಬೇಡ. ಪಾದ ಜೋತುಬಿದ್ದವರಿಗೆ ಪಿ.ವಿ.ಸಿ. ಪೈಪು ಕಾಯಿಸಿ ಅಚ್ಚು ಮಾಡುವುದನ್ನು ಕೆಲವು ಕಡೆ ನೋಡಿದ್ದೇನೆ. ಹೊಗೆ ವಿಷ, ಅಂಚು ಒತ್ತಿದರೆ ಹುಣ್ಣು. ಅದನ್ನು ಅಳತೆ ತೆಗೆದು ಮಾಡುವವರ ಕೈಗೇ ಬಿಡಿ. ಮಕ್ಕಳ ಕಾಲಿಗೆ ಕ್ಯಾಲಿಪರ್ ಕೂಡ ಹಾಗೇ. ಪೋಲಿಯೋ 2014ರ ಮಾರ್ಚಿನಲ್ಲಿ ದೇಶದಿಂದ ಹೋಯಿತೆಂದು ಸಾರಿದರು, ಆದರೆ ಹಿಂದೆ ಆದವರು ನಮ್ಮ ವಯಸ್ಸಿನವರು ಇದ್ದಾರೆ, ಅವರಿಗೂ ವಯಸ್ಸಾಗುತ್ತಿದೆ, ಅವರ ಕಬ್ಬಿಣವೂ ಸವೆಯುತ್ತಿದೆ.

ಇಂಥದ್ದಕ್ಕೆ ಸರ್ಕಾರದ ದಾರಿ ಇದೆ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ತಾಲ್ಲೂಕಿನಲ್ಲಿ ಅವರ ಮೇಲೊಬ್ಬರು. ಅವರೂ ಅಂಗವಿಕಲರೇ ಆಗಿರುವುದರಿಂದ ಕಷ್ಟ ಗೊತ್ತು. ಅಂಗವೈಕಲ್ಯದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಸುತ್ತಾರೆ. 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಕಾನ್ಪುರದ ಅಲಿಂಕೋ ಎಂಬ ಸರ್ಕಾರಿ ಕಾರ್ಖಾನೆ ಗಾಲಿಕುರ್ಚಿ, ಊರುಗೋಲು ಮಾಡುತ್ತದೆ. ಕ್ಯಾಂಪ್ ಆದಾಗ ಅಲ್ಲಿಂದ ಬರುತ್ತವೆ. ಹೈದನ ಗಾಲಿಕುರ್ಚಿ ಹಾಗೇ ಬಂದದ್ದು, ಅರ್ಜಿ ಕೊಟ್ಟು ಒಂಬತ್ತು ತಿಂಗಳಿಗೆ. ಆಸ್ಪತ್ರೆಗೆ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ನಮ್ಮ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯದು ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಬಿಟ್ಟಿ. ಅಣ್ಣ ಬಸ್ಸಿನಲ್ಲಿ ಕೂರುವಂತಾದ ಮೇಲೆ ಹೋಗಿ ಬರುವಾಗ ಅತ್ತಿಗೆಗೆ ಟಿಕೆಟ್ಟಿಲ್ಲ, ಅವನಿಗೆ ಉಂಟು. ಕಾಯಿಲೆ ನನಗಾ ನಿನಗಾ ಎಂದು ಕಂಡಕ್ಟರ ಮುಂದೆಯೇ ಕೇಳುತ್ತಾನೆ.

ಅಣ್ಣ ಈಗ ಕೋಲೂರಿ ಹೊಲದ ಬದುವಿನವರೆಗೆ ಹೋಗುತ್ತಾನೆ. ಎಡಗೈ ಪೂರ್ತಿ ಬರಲಿಲ್ಲ, ಬರುವುದೂ ಇಲ್ಲವೇನೋ. ಹಗ್ಗ ಹಿಡಿಯುತ್ತಾನೆ, ಗಂಟು ಹಾಕಲಾರ. ಕರು ಕಟ್ಟುವಾಗ ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಾನೆ. ಹಸು ಮನೆಯಲ್ಲೇ ಇದೆ.

ಮುಗಿದ ಸಾಮಾನು ಈಗ ಒಬ್ಬರಿಂದ ಒಬ್ಬರಿಗೆ ಹೋಗುತ್ತಿದೆ. ಅಜ್ಜಿಯ ಕಕ್ಕಸಿನ ಕುರ್ಚಿ ಮೂರನೇ ಮನೆಯಲ್ಲಿದೆ. ಮರಳಿನ ಚೀಲ ಯಾರ ಮನೆಯಲ್ಲಿದೆಯೋ ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ವಾಪಸ್ಸು ಕೊಡುವಾಗ ಬಿಸಿಲಿಗೆ ಎರಡು ದಿನ ಒಣಗಿಸಿ, ಮರದ್ದಾದರೆ ಸೋಪು ನೀರಿನಲ್ಲಿ ತೊಳೆದು ಕೊಡಬೇಕು. ದುಡ್ಡು ತೆಗೆದುಕೊಳ್ಳುವುದಿಲ್ಲ, ಮುರಿದರೆ ಮರ ತಂದುಕೊಡಬೇಕು. ಗಳದ ಕಟ್ಟು ಮಾತ್ರ ಕೀಳುವಂತಿಲ್ಲ, ಬೇಕಾದವರು ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ. ಪಕ್ಕದ ಊರಿನ ಒಬ್ಬ ಹುಡುಗನಿಗೆ ಬೆರಳು ಸೊಟ್ಟ, ಚಮಚ ನಿಲ್ಲುವುದಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿಯ ರಬ್ಬರನ್ನು ಚಮಚದ ಕಾವಿಗೆ ಏರಿಸಿ ಕೊಟ್ಟೆ, ಅನ್ನಕ್ಕೆ ಆಯಿತು. ಮುದ್ದೆ ಮುರಿಯಲು ಏನು ಮಾಡಬೇಕೆಂದು ಇನ್ನೂ ಹೊಳೆದಿಲ್ಲ. ಯಾರಿಗಾದರೂ ಹೊಳೆದರೆ ಪತ್ರಿಕೆಗೆ ಬರೆಯಿರಿ.